ಮೊದಲು ಪಾದ, ಆಮೇಲೆ ಬ್ಲೇಡು: ಸ್ಕೂಬಾ ಫಿನ್ ಆಯ್ಕೆಯ ಸುತ್ತ

ಸ್ಕೂಬಾ ಕಲಿತು ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಸ್ವಂತ ಸಲಕರಣೆಯ ಆಸೆ ಹುಟ್ಟುತ್ತದೆ. ಮೊದಲು ಮಾಸ್ಕ್, ಆಮೇಲೆ ಫಿನ್. ಮಾಸ್ಕ್ ಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರೆಳೆದಾಗ ಅಂಟಿ ನಿಂತರೆ ಸರಿ, ಜಾರಿದರೆ ಬೇಡ. ಫಿನ್‌ಗೆ ಅಂಥ ಚುಟುಕು ಪರೀಕ್ಷೆ ಇಲ್ಲ. ಬೆಲೆ ಎರಡು-ಮೂರು ಸಾವಿರ ರೂಪಾಯಿಯಿಂದ ಇಪ್ಪತ್ತು ಸಾವಿರ ದಾಟುತ್ತದೆ. ಒಂದರ ಬ್ಲೇಡ್ ನಡುವೆ ಸೀಳಿರುತ್ತದೆ, ಇನ್ನೊಂದಕ್ಕೆ ಕಿಂಡಿಗಳು, ಮತ್ತೊಂದಕ್ಕೆ ಉದ್ದುದ್ದ ರಬ್ಬರ್ ಕಾಲುವೆಗಳು. ಯಾವುದನ್ನು ಕೇಳಿದರೂ ಅಂಗಡಿಯವರ ಉತ್ತರ ಒಂದೇ: ಶ್ರಮ ಕಡಿಮೆ, ವೇಗ ಜಾಸ್ತಿ.

ಕೊಳ್ಳುವವರು ಬ್ಲೇಡ್ ನೋಡಿ ಮರುಳಾಗುತ್ತಾರೆ, ತಯಾರಕರೂ ಜಾಹೀರಾತಿನ ದುಡ್ಡನ್ನೆಲ್ಲ ಅಲ್ಲಿಗೇ ಸುರಿಯುತ್ತಾರೆ. ಆದರೆ ಫಿನ್ ಕೈಕೊಡುವುದು ಹೆಚ್ಚಾಗಿ ಪಾದದ ಕಡೆಯಿಂದ. ಪಾದ ಸರಿಹೊಂದಿದ ಮೇಲೆ ನಾವು ಹೇಗೆ ಒದೆಯುತ್ತೇವೆ, ಎಂಥ ನೀರಿಗೆ ಇಳಿಯುತ್ತೇವೆ ಎನ್ನುವುದು ಬರುತ್ತದೆ. ಬ್ಲೇಡಿನ ಚರ್ಚೆ ಅದಾದ ಮೇಲೆ.

ಈ ವಸ್ತುವಿನ ಇತಿಹಾಸದಲ್ಲೂ ಅದೇ ಪಾದದ ತೊಡಕು ಕಾಣುತ್ತದೆ. ಬಾಸ್ಟನ್ನಿನಲ್ಲಿ ಬೆಳೆದ ಬೆಂಜಮಿನ್ ಫ್ರ್ಯಾಂಕ್ಲಿನ್ ಹುಡುಗನಾಗಿದ್ದಾಗ ಅಂಗೈಗೆ ಮರದ ಹಲಗೆ ಕಟ್ಟಿಕೊಂಡು ಈಜಿದ್ದ. ವೇಗ ಬಂತು, ಮಣಿಕಟ್ಟು ಸೋತಿತು. ಕಾಲಿಗೂ ಚಪ್ಪಲಿಯಂಥದ್ದೊಂದನ್ನು ಕಟ್ಟಿ ನೋಡಿ, ಸಮಾಧಾನವಾಗದೆ ಬಿಟ್ಟ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಲೂಯಿ ದ ಕೋರ್ಲಿಯೂ 1914ರಲ್ಲಿ ತನ್ನ ಮೊದಲ ಮಾದರಿಯನ್ನು ತೋರಿಸಿದರೂ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1933ರಲ್ಲಿ, ದೊಡ್ಡ ಪ್ರಮಾಣದ ಉತ್ಪಾದನೆ ಶುರುವಾದದ್ದು 1939ರಲ್ಲಿ. ಅವನಿಂದ ಪರವಾನಗಿ ಪಡೆದು ಅಮೆರಿಕದಲ್ಲಿ ಫಿನ್ ಮಾರಲು ಹೊರಟ ಓವನ್ ಚರ್ಚಿಲ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದವನು. 1940ರಲ್ಲಿ ಅವನು ಮಾರಿದ್ದು 946 ಜೋಡಿ ಮಾತ್ರ. ಯುದ್ಧ ಬಂದು ನೌಕಾಪಡೆಗಳ ಮುಳುಗುಗಾರರಿಗೆ ಬೇಕಾದ ಮೇಲೆ ಲೆಕ್ಕ ಸಾವಿರಗಳಿಗೆ ಏರಿತು.

ಆ ಕಾಲದ ಫಿನ್‌ಗಳನ್ನು ಹಿಮ್ಮಡಿಯ ಪಟ್ಟಿಯೊಂದೇ ಹಿಡಿದಿಡುತ್ತಿತ್ತು. ಇಡೀ ಪಾದ ಬೂಟಿನೊಳಗೆ ಕೂರುವಂತೆ ಕೂರುವ ಫಿನ್ ಬಂದದ್ದು 1950ರ ದಶಕದ ಆರಂಭದಲ್ಲಿ, ಇಟಲಿಯ ಕ್ರೆಸ್ಸಿ ಕಂಪನಿಯ ರೋಂಡಿನೆ. ವಿನ್ಯಾಸಕಾರ ಲೂಯಿಜಿ ಫೆರಾರೊ ಯುದ್ಧಕಾಲದಲ್ಲಿ ತುರ್ಕಿಯ ಬಂದರುಗಳಲ್ಲಿ ಶತ್ರು ಹಡಗುಗಳ ಅಡಿಗೆ ಈಜಿ ಹೋಗಿ ಸಿಡಿಮದ್ದು ಕಟ್ಟಿ ಬಂದವನು. ಪಾದದಿಂದ ಫಿನ್ ಕಳಚಿಕೊಂಡರೆ ಏನಾಗುತ್ತದೆ ಎಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂದಿಗೂ ಫಿನ್‌ಗಳಲ್ಲಿ ಮೂಲ ಜಾತಿ ಇವೆರಡೇ. ಬರಿಗಾಲನ್ನು ನೇರ ತೂರಿಸುವ ಫುಲ್ ಫುಟ್ ಒಂದು. ದಪ್ಪ ಬೂಟಿ ಹಾಕಿಕೊಂಡು ಪಟ್ಟಿ ಬಿಗಿಯುವ ಓಪನ್ ಹೀಲ್ ಇನ್ನೊಂದು. ನಮ್ಮ ಸಮುದ್ರಗಳ ನೀರು ಬೆಚ್ಚಗಿರುವುದರಿಂದ ಚಳಿಗೆಂದು ಬೂಟಿ ಹಾಕಬೇಕಾಗಿಲ್ಲ. ಹಾಗಾದರೆ ಫುಲ್ ಫುಟ್ ಸಾಕಲ್ಲವೇ? ದೋಣಿಯಿಂದಲೇ ಇಳಿದು ದೋಣಿಗೇ ಹತ್ತುವುದಾದರೆ ಸಾಕು. ಅದು ಹಗುರ, ಅಗ್ಗ, ಕಾಲಿನ ಬಲ ಸೋರದೆ ಬ್ಲೇಡಿಗೆ ಹೋಗುತ್ತದೆ. ಆದರೆ ಅಂಡಮಾನಿನ ಕೆಲವು ಕಡೆಗಳಂತೆ ದಡದಿಂದ ನಡೆದು ನೀರಿಗಿಳಿಯುವ ಜಾಗದಲ್ಲಿ ಬರಿಗಾಲನ್ನು ಬಂಡೆಯ ಚಿಪ್ಪುಗಳು ಕುಯ್ಯುತ್ತವೆ. ಅಲ್ಲಿ ಬೂಟಿ ಬೇಕು, ಬೂಟಿ ಬಂದರೆ ಓಪನ್ ಹೀಲ್ ಬಂತು.

ಅಳತೆಯ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆದು ಬೆಳೆದವರ ಪಾದಗಳನ್ನು ಚಪ್ಪಲಿ-ಬೂಟು ಹಾಕುವವರ ಪಾದಗಳೊಡನೆ ಹೋಲಿಸಿತ್ತು. ಬರಿಗಾಲಿನವರ ಪಾದ ಮುಂಭಾಗದಲ್ಲಿ ಅಗಲ ಎನ್ನುವುದು ಅದರಲ್ಲಿ ಕಂಡ ಅಂಶಗಳಲ್ಲೊಂದು. ಮನೆಯೊಳಗೆ ಚಪ್ಪಲಿ ಬಿಟ್ಟು ಓಡಾಡುವ, ಬೇಸಿಗೆ ರಜೆಯನ್ನು ಊರಿನ ಗದ್ದೆ-ತೋಟದಲ್ಲಿ ಕಳೆದ ನಮ್ಮಲ್ಲೂ ಅಗಲ ಪಾದದವರು ಬೇಕಾದಷ್ಟಿದ್ದಾರೆ. ಯುರೋಪಿನ ಕೆಲವು ಕಂಪನಿಗಳ ಫಿನ್‌ಗಳಲ್ಲಿ ಪಾದ ಕೂರುವ ಪಾಕೆಟ್ ಕಿರಿದು. ಉದ್ದ ಸರಿಯಿದ್ದರೂ ಕಿರುಬೆರಳಿನ ಬದಿ ಒತ್ತುತ್ತದೆ. ಒಣ ಅಂಗಡಿಯಲ್ಲಿ ಎರಡು ನಿಮಿಷ ತಾಳಬಹುದಾದ ಆ ಒತ್ತು ನೀರಿನಲ್ಲಿ ಮುಕ್ಕಾಲು ಗಂಟೆ ಒದ್ದ ಮೇಲೆ ಗುಳ್ಳೆಯಾಗಿರುತ್ತದೆ. ಒಂದಳತೆ ದೊಡ್ಡದು ಕೊಳ್ಳೋಣವೆಂದರೆ ಹಿಮ್ಮಡಿ ಸಡಿಲವಾಗಿ ಪಾದ ಒಳಗೆ ಜಾರಾಡುತ್ತದೆ, ಅದಕ್ಕೂ ಗುಳ್ಳೆಯೇ. ಅಗಲ ಪಾದದವರಿಗೆ ನನ್ನ ಮಟ್ಟಿಗೆ ಓಪನ್ ಹೀಲ್ ಸುರಕ್ಷಿತ ಆಯ್ಕೆ. ಬೂಟಿಯ ಮೆತ್ತೆ ಒತ್ತನ್ನು ಹಂಚಿಕೊಳ್ಳುತ್ತದೆ.

ಹಾಕಿ ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಬೂಟಿ ಕೊಳ್ಳಿ, ಆಮೇಲೆ ಫಿನ್. 3 ಮಿಲಿಮೀಟರ್ ಬೂಟಿಗೆ ಸರಿಯಾದ ಪಾಕೆಟ್ 5 ಮಿಲಿಮೀಟರ್ ಬೂಟಿಗೆ ಬಿಗಿಯಾಗಬಹುದು. ಬೂಟಿ ಹಾಕಿ, ಕುರ್ಚಿಯಲ್ಲಿ ಕೂತು, ಪಾದ ತೂರಿಸಿ. ಓಪನ್ ಹೀಲ್ ಆದರೆ ಪಾಕೆಟ್ಟಿನ ತಳಹಲಗೆ ನಿಮ್ಮ ಹಿಮ್ಮಡಿಯ ಹತ್ತಿರದವರೆಗೆ ಬರಬೇಕು. ಪಾದದ ನಡುವಿನಲ್ಲೇ ಮುಗಿದರೆ ಅದು ಚಿಕ್ಕದು. ಪಟ್ಟಿ ಹಾಕಿ ಕಾಲನ್ನು ನೆಲದಿಂದ ಎತ್ತಿ, ಫಿನ್ನನ್ನು ಪಕ್ಕಕ್ಕೆ, ಮೇಲೆ-ಕೆಳಗೆ ಜೋರಾಗಿ ಅಲ್ಲಾಡಿಸಿ. ಪಾದ ಒಂದು ಕಡೆ, ಫಿನ್ ಒಂದು ಕಡೆ ತಿರುಗಿದರೆ ಬೇಡ. ಬೆರಳುಗಳು ಪಾಕೆಟ್ಟಿನ ತುದಿಗೆ ತಾಗಿ ಮಡಚಿಕೊಂಡರೂ ಬೇಡ. ಕೊನೆಗೆ ಯಾರಾದರೂ ಬ್ಲೇಡಿನ ತುದಿ ಹಿಡಿದುಕೊಳ್ಳಲಿ, ನೀವು ಮೆಲ್ಲಗೆ ಒದೆಯಿರಿ. ಪಾದದ ಮೇಲ್ಮೈಯಲ್ಲಿ ಒಂದೇ ಬಿಂದುವಿಗೆ ಚುಚ್ಚಿದಂತಾದರೆ ಪಾಕೆಟ್ ನಿಮ್ಮದಲ್ಲ. ಬ್ಲೇಡ್ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಫೇಲಾದ ಫಿನ್ನನ್ನು ಗೋಡೆಗೇ ವಾಪಸು ನೇತುಹಾಕಿ.

ಪಟ್ಟಿಯ ಬಗ್ಗೆ ಒಂದೇ ಮಾತು. ಕೊಕ್ಕೆಯಿರುವ ರಬ್ಬರ್ ಪಟ್ಟಿ ಎರಡು-ಮೂರು ವರ್ಷದಲ್ಲಿ ಬಿರುಕು ಬಿಡುತ್ತದೆ, ಅದೂ ಯಾವಾಗಲೂ ದೋಣಿಯ ಮೇಲೇ ಹರಿಯುತ್ತದೆ. ಸ್ಟೀಲ್ ಸ್ಪ್ರಿಂಗ್ ಪಟ್ಟಿ ಬೇರೆಯಾಗಿ ಕೊಂಡು ಹಾಕಿಸಿಕೊಂಡರೂ ನಷ್ಟವಿಲ್ಲ.

ಈಗ ಒದೆತ. ತರಬೇತಿಯಲ್ಲಿ ಎಲ್ಲರಿಗೂ ಮೊದಲು ಬರುವುದು ಫ್ಲಟರ್: ಸೊಂಟದಿಂದ ಕಾಲನ್ನು ಮೇಲೆ-ಕೆಳಗೆ ಆಡಿಸುವುದು. ಅನುಭವ ಬೆಳೆದಂತೆ ಹಲವರು ಫ್ರಾಗ್ ಕಿಕ್‌ಗೆ ಹೊರಳುತ್ತಾರೆ. ಮಂಡಿ ಮಡಚಿ, ಎರಡೂ ಕಾಲನ್ನು ಹೊರಕ್ಕೆ ತೆರೆದು ಒಟ್ಟಿಗೆ ಮುಚ್ಚಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಜಾರುವುದು. ಫ್ಲಟರ್‌ನಲ್ಲಿ ನೀರು ಕೆಳಕ್ಕೂ ತಳ್ಳಲ್ಪಟ್ಟು ತಳದ ಕೆಸರು ಏಳುತ್ತದೆ. ಫ್ರಾಗ್‌ನಲ್ಲಿ ನೀರು ಹಿಂದಕ್ಕೇ ಹೋಗುತ್ತದೆ. ಇದರ ಜೊತೆಗೆ ನಿಂತಲ್ಲೇ ಸುತ್ತುವ ಹೆಲಿಕಾಪ್ಟರ್ ತಿರುವು, ಹಿಂದಕ್ಕೆ ಸರಿಯುವ ಬ್ಯಾಕ್ ಕಿಕ್ ಇವೆ. ಗುಹೆಯೊಳಗೆ, ಮುಳುಗಿದ ಹಡಗಿನೊಳಗೆ ಹೋಗುವವರಿಗೆ ಇವೆರಡೂ ಬದುಕುಳಿಯುವ ವಿದ್ಯೆ.

ಯಾವ ಫಿನ್ ಎನ್ನುವ ಜಗಳ ಮುಕ್ಕಾಲು ಪಾಲು ಬಗೆಹರಿಯುವುದು ಇಲ್ಲೇ. ಸೀಳು ಬ್ಲೇಡಿನ ಸ್ಪ್ಲಿಟ್ ಫಿನ್ ಚಿಕ್ಕ, ಚುರುಕು ಫ್ಲಟರ್‌ಗೆಂದೇ ಹುಟ್ಟಿದ್ದು. 1990ರ ದಶಕದ ಕೊನೆಗೆ ಅಮೆರಿಕದ ಪೀಟ್ ಮೆಕಾರ್ಥಿ ರೂಪಿಸಿದ ವಿನ್ಯಾಸದ ಪರವಾನಗಿ ಪಡೆದು ಸ್ಕೂಬಾಪ್ರೊ, ಅಪೋಲೊ, ಅಟಾಮಿಕ್‌ನಂಥ ಕಂಪನಿಗಳು ಮಾರುಕಟ್ಟೆ ತುಂಬಿಸಿದವು. ಒದ್ದಾಗ ಎರಡು ಹೋಳುಗಳೂ ಓರೆಯಾಗಿ ಬಾಗಿ ನೀರನ್ನು ಹಿಂದಕ್ಕೆ ಜಾರಿಸುತ್ತವೆ. ಕಾಲಿಗೆ ಭಾರವೇ ಅನ್ನಿಸುವುದಿಲ್ಲ. ಮಂಡಿ ನೋವಿನವರಿಗೆ, ಹೆಚ್ಚು ಹೊತ್ತು ಮೇಲ್ಮೈಯಲ್ಲಿ ಈಜಬೇಕಾದವರಿಗೆ ಇದು ವರದಾನ. ಆದರೆ ಇದನ್ನು ಹಾಕಿಕೊಂಡು ಹಿಂದಕ್ಕೆ ಸರಿಯಲು ಹೋಗಿ ನೋಡಿ, ಬ್ಲೇಡ್ ನೀರನ್ನು ಹಿಡಿಯುವುದೇ ಇಲ್ಲ. ತಾಂತ್ರಿಕ ಡೈವಿಂಗ್ ಮಾಡುವವರು ಸ್ಪ್ಲಿಟ್ ಫಿನ್ ಕಂಡರೆ ಮುಖ ಸಿಂಡರಿಸುವುದಕ್ಕೆ ಕಾರಣ ಇದು. ಅವರ ತಿರಸ್ಕಾರದಲ್ಲಿ ಒಂದಿಷ್ಟು ಜಂಬವೂ ಬೆರೆತಿದೆ ಎನ್ನಿ.

ಅವರ ಆರಾಧ್ಯ ದೈವ ಜೆಟ್ ಫಿನ್. ಮಾರ್ಸೇಯ ಜಾರ್ಜ್ ಬುಷಾ 1964ರಲ್ಲಿ ರೂಪಿಸಿದ, ಸ್ಕೂಬಾಪ್ರೊ ಹೆಸರಿನಲ್ಲಿ ಜಗತ್ತಿನ ತುಂಬ ಹಬ್ಬಿದ ಕಪ್ಪು ರಬ್ಬರಿನ ಗಿಡ್ಡ, ಅಗಲ, ಗಟ್ಟಿ ಫಿನ್. ಬ್ಲೇಡಿನ ಬುಡದಲ್ಲಿರುವ ಕಿಂಡಿಗಳಿಂದ ನೀರು ಹರಿದುಹೋಗಿ, ಕಾಲನ್ನು ಮರಳಿ ಎತ್ತುವಾಗ ಹೊರೆ ತಗ್ಗುತ್ತದೆ ಎನ್ನುವುದು ವಾದ. ಅರವತ್ತು ವರ್ಷ ದಾಟಿದರೂ ಹೆಚ್ಚು ಬದಲಾಗದೆ ಮಾರಾಟವಾಗುತ್ತಿದೆ. ಇದರ ಗುಟ್ಟು ಕಿಂಡಿಗಿಂತ ಹೆಚ್ಚಾಗಿ ಗಡಸುತನದಲ್ಲಿ, ತೂಕದಲ್ಲಿ ಇದೆಯೆಂದು ನನಗನ್ನಿಸುತ್ತದೆ. ಗಟ್ಟಿ ಅಗಲ ಬ್ಲೇಡ್ ಫ್ರಾಗ್ ಕಿಕ್‌ನಲ್ಲಿ ನೀರನ್ನು ಹಿಡಿದುಕೊಳ್ಳುತ್ತದೆ. ನೀರಲ್ಲಿ ಮುಳುಗುವ ತೂಕ, ಒಳಗೆ ಗಾಳಿ ತುಂಬಿರುವ ಡ್ರೈಸೂಟ್ ಹಾಕಿದವರ ಕಾಲು ಆ ಗಾಳಿಯಿಂದ ಮೇಲೇಳದಂತೆ ತಡೆಯುತ್ತದೆ.

ಇಲ್ಲೇ ನಮ್ಮವರು ಎಡವುವುದು. ಅಂತರ್ಜಾಲದಲ್ಲಿ ಪರಿಣತರ ಹೊಗಳಿಕೆ ಓದಿ ಜೆಟ್ ಫಿನ್ ತರಿಸಿಕೊಳ್ಳುತ್ತಾರೆ. ಹೊಗಳಿದವರು ಫ್ಲೋರಿಡಾದ ಗುಹೆಗಳಲ್ಲಿ, ಯುರೋಪಿನ ತಣ್ಣನೆ ಸರೋವರಗಳಲ್ಲಿ ಮುಳುಗುವವರು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲೋ ಅಂಡಮಾನಿನ ಹ್ಯಾವ್ಲಾಕಿನಲ್ಲೋ ನೀವು ಹಾಕುವುದು ತೆಳುವಾದ ಸೂಟು, ಕೆಲವೊಮ್ಮೆ ಬರೀ ರ‍್ಯಾಶ್ ಗಾರ್ಡ್. ಕಾಲನ್ನು ಮೇಲೆತ್ತುವ ಗಾಳಿಯೇ ಅಲ್ಲಿಲ್ಲ. ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ಖಾಲಿಯಾದಂತೆ ಹಗುರಾಗಿ ಬೆನ್ನನ್ನು ಮೇಲೆತ್ತುತ್ತದೆ, ಕಾಲಲ್ಲಿ ಭಾರದ ರಬ್ಬರ್ ಕೆಳಗೆಳೆಯುತ್ತದೆ. ಮೈ ಓರೆಯಾಗುತ್ತದೆ. ಓರೆಯಾದ ಮೈ ನೀರಿಗೆ ಹೆಚ್ಚು ಅಡ್ಡ ಬರುತ್ತದೆ, ಫಿನ್ನಿನ ತುದಿ ಹವಳದ ಮೇಲೆ ಗುಡಿಸಿಕೊಂಡು ಹೋಗುತ್ತದೆ. ನಿಮ್ಮ ಕಾಲು ಭಾರವೋ ಹಗುರವೋ ತಿಳಿಯಬೇಕೇ? ಮುಂದಿನ ಡೈವ್‌ನಲ್ಲಿ ತೇಲುವಿಕೆ ಸರಿಮಾಡಿಕೊಂಡು, ಮೈ ಅಡ್ಡಡ್ಡ ಇಟ್ಟು, ಅರ್ಧ ನಿಮಿಷ ಒದೆಯದೆ ಅಲ್ಲಾಡದೆ ಇರಿ. ಕಾಲು ಇಳಿದರೆ ನಿಮಗೆ ಬೇಕಾದ್ದು ನೀರಲ್ಲಿ ತೇಲುವ ಅಥವಾ ತೂಕವಿಲ್ಲದಂತಿರುವ ಪ್ಲಾಸ್ಟಿಕ್ ಜಾತಿಯ ಫಿನ್. ಎದ್ದರೆ ಮಾತ್ರ ರಬ್ಬರ್.

ಸ್ಪ್ಲಿಟ್ ಮತ್ತು ಜೆಟ್ ಎಂಬ ಎರಡು ತುದಿಗಳ ನಡುವೆ ದೊಡ್ಡದೊಂದು ಕುಟುಂಬವಿದೆ, ನಮ್ಮ ಹೆಚ್ಚಿನವರ ಜಾಗ ಅಲ್ಲೇ. ಮಾರೆಸ್ ಕಂಪನಿಯ ಅವಾಂತಿ ಕ್ವಾತ್ರೊದಂಥ ಫಿನ್‌ಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ನಡುವೆ ಮೃದು ರಬ್ಬರಿನ ಉದ್ದ ಪಟ್ಟೆಗಳಿವೆ. ಒದ್ದಾಗ ಬ್ಲೇಡ್ ದೊನ್ನೆಯಾಕಾರಕ್ಕೆ ಬಾಗಿ ನೀರು ಪಕ್ಕಕ್ಕೆ ಸೋರದಂತೆ ಹಿಂದಕ್ಕೆ ಸಾಗಿಸುತ್ತದೆ. ಸ್ಕೂಬಾಪ್ರೊದ ಸೀವಿಂಗ್ ನೋವಾದಲ್ಲಿ ಬ್ಲೇಡಿನ ಬುಡದಲ್ಲಿ ಕೀಲಿನಂಥ ಬಳುಕು ಇದ್ದು, ಇಡೀ ಬ್ಲೇಡ್ ಒಂದೇ ಕೋನದಲ್ಲಿ ಓರೆಯಾಗುತ್ತದೆ. ಹೆಸರುಗಳು ಬೇರೆ ಬೇರೆ, ಗುರಿ ಒಂದೇ. ಸೆಟೆದು ನಿಂತ ಬ್ಲೇಡ್ ನೀರನ್ನು ಮೇಲೆ-ಕೆಳಗೆ ತಳ್ಳಿ ಕಾಲಿನ ಬಲ ಹಾಳುಮಾಡುತ್ತದೆ, ತೀರಾ ಮೆತ್ತಗಿನ ಬ್ಲೇಡ್ ಮಡಚಿಕೊಂಡು ಏನನ್ನೂ ತಳ್ಳುವುದಿಲ್ಲ. ಸರಿಯಾದ ಕೋನಕ್ಕೆ ಬಾಗಿ ನಿಲ್ಲುವ ಬ್ಲೇಡೇ ಎಲ್ಲರೂ ಹುಡುಕುತ್ತಿರುವುದು. ಗಡಸು ಫಿನ್ ಸೈಕಲ್ಲಿನ ದೊಡ್ಡ ಗೇರ್ ಇದ್ದಂತೆ: ತುಳಿಯುವ ಶಕ್ತಿ ಇದ್ದವರಿಗೆ ದೂರ ಸಾಗಿಸುತ್ತದೆ, ಇಲ್ಲದವರ ಮೀನಖಂಡ ಹಿಡಿಸುತ್ತದೆ.

ಮೀನಖಂಡದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನೀರಿನಡಿ ಕಾಲು ಹಿಡಿದುಕೊಂಡರೆ ಗಾಬರಿಯಾಗಿ ಇನ್ನಷ್ಟು ಒದೆಯಬಾರದು. ಒದೆಯುವುದು ನಿಲ್ಲಿಸಿ, ಹಿಡಿದ ಕಾಲನ್ನು ಮುಂದೆ ಚಾಚಿ, ಫಿನ್ನಿನ ತುದಿಯನ್ನು ಕೈಯಲ್ಲಿ ಹಿಡಿದು ನಿಮ್ಮತ್ತ ಎಳೆಯಿರಿ. ಮೀನಖಂಡ ಹಿಗ್ಗಿ ನೋವು ಬಿಡುತ್ತದೆ. ಕೈಗೆ ಎಟುಕದಿದ್ದರೆ ಜೊತೆಗಾರ ಫಿನ್ನಿನ ತುದಿಯನ್ನು ತಳ್ಳಿ ಹಿಡಿಯಬಹುದು. ಒಂದು ಪ್ರವಾಸದಲ್ಲಿ ಒಮ್ಮೆ ಹೀಗಾದರೆ ನೀರು ಕುಡಿಯದ್ದು ಕಾರಣವಿರಬಹುದು. ಪ್ರತಿ ಡೈವ್‌ನಲ್ಲೂ ಆಗುತ್ತಿದ್ದರೆ ಫಿನ್ ನಿಮ್ಮ ಕಾಲಿಗೆ ಗಡಸು.

ವೇಗದ ಮೋಹವನ್ನು ಇಲ್ಲೇ ಸ್ವಲ್ಪ ಇಳಿಸಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಪ್ರತಿ ಕ್ಷಣ ಸುರಿಯಬೇಕಾದ ಶಕ್ತಿ ಎಂಟು ಪಟ್ಟು. ಆ ಶಕ್ತಿಗೆ ಬೇಕಾದ ಗಾಳಿ ಬರುವುದು ಬೆನ್ನ ಮೇಲಿನ ಸಿಲಿಂಡರಿನಿಂದ. 20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟಿರುವುದರಿಂದ ಅಲ್ಲಿ ಎಳೆಯುವ ಪ್ರತಿ ಉಸಿರೂ ಸಿಲಿಂಡರಿಗೆ ಮೂರು ಉಸಿರಿನ ಖರ್ಚು. ಹವಳದ ನಡುವೆ ಮೀನು ನೋಡಲು ಹೋದವರಿಗೆ ಯಾವ ಓಟವೂ ಬೇಕಿಲ್ಲ. ಪತ್ರಿಕೆಗಳು ಫಿನ್‌ಗಳನ್ನು ಹೋಲಿಸುವಾಗ ಅಳೆದ ದೂರವನ್ನು ಎಷ್ಟು ಸೆಕೆಂಡಿನಲ್ಲಿ ಈಜಿದರು ಎಂದು ಬರೆಯುತ್ತವೆ, ಯಾಕೆಂದರೆ ಅಳೆಯಲು ಸುಲಭವಾದದ್ದು ಅದು. ನಿಧಾನವಾಗಿ ಹೋಗುವಾಗ ಎಷ್ಟು ಕಡಿಮೆ ಉಸಿರು ಸಾಕಾಗುತ್ತದೆ, ನಿಂತಲ್ಲೇ ನಿಲ್ಲಲು ಎಷ್ಟು ಹಿಡಿತ ಸಿಗುತ್ತದೆ ಎಂಬುದಕ್ಕೆ ಅಂಥ ಪಟ್ಟಿಯಲ್ಲಿ ಜಾಗವಿಲ್ಲ. ಪರೀಕ್ಷಿಸಿದ ಈಜುಗಾರನ ಕಾಲು ನಿಮ್ಮ ಕಾಲಲ್ಲ ಎನ್ನುವುದೂ ಇದೆ.

ವೇಗ ಬೇಕಾಗುವ ಒಂದೇ ಹೊತ್ತು ಸೆಳೆತ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಬಂಡೆಗಳ ಪಕ್ಕ ಇಳಿದಾಗ ದ್ವೀಪದ ಮರೆಯಲ್ಲಿ ನೀರು ಶಾಂತವಾಗಿರುತ್ತದೆ, ಮೂಲೆ ತಿರುಗುತ್ತಿದ್ದಂತೆ ಎದುರು ನೀರು ಸಿಗಬಹುದು. ಆಗ ಹತ್ತು-ಹನ್ನೆರಡು ಜೋರು ಒದೆತಕ್ಕೆ ತಕ್ಷಣ ಓಗೊಡುವ ಬ್ಲೇಡ್ ಬೇಕು. ತೀರಾ ಮೆತ್ತಗಿನದು ಇಲ್ಲಿ ಸೋಲುತ್ತದೆ. ಹಾಗೆಂದು ವರ್ಷವಿಡೀ ಗಡಸು ಫಿನ್ ಹೊತ್ತು ತಿರುಗುವುದಕ್ಕಿಂತ, ಮಧ್ಯಮ ಗಡಸಿನದು ಹಾಕಿಕೊಂಡು, ಸೆಳೆತವಿದ್ದಾಗ ಬಂಡೆಯ ಮರೆ ಹಿಡಿದು ಸಾಗುವ ಜಾಣತನ ಕಲಿಯುವುದು ಮೇಲು. ಅಲ್ಲಿನ ಡೈವ್ ಮಾಸ್ಟರ್‌ಗಳು ಮಾಡುವುದೂ ಅದನ್ನೇ.

ಅದೇ ನೇತ್ರಾಣಿ ಇನ್ನೊಂದು ವಿಷಯಕ್ಕೂ ನೆನಪಾಗುತ್ತದೆ. ನೀರಿನಡಿಯ ಹವಳಕ್ಕೆ ಮುಳುಗುಗಾರರಿಂದ ಆಗುವ ಪೆಟ್ಟಿನಲ್ಲಿ ದೊಡ್ಡ ಪಾಲು ಫಿನ್ನಿನದು. ಕೈಯನ್ನು ಎಲ್ಲರೂ ಹತೋಟಿಯಲ್ಲಿಡುತ್ತಾರೆ, ಬೆನ್ನ ಹಿಂದೆ ಅರ್ಧ ಮೀಟರ್ ಚಾಚಿಕೊಂಡಿರುವ ಬ್ಲೇಡ್ ಮರೆತುಹೋಗುತ್ತದೆ. ಬಂಡೆ ಕಟ್ಟುವ ಹವಳಗಳೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅಂದರೆ ಹುಲಿ-ಆನೆಗಳ ಸಾಲಿನಲ್ಲಿ. ಹೊಸಬರಿಗೆ ಗಿಡ್ಡ ಬ್ಲೇಡ್ ಒಳ್ಳೆಯದೆಂದು ನಾನು ಹೇಳುವುದಕ್ಕೆ ಇದೂ ಕಾರಣ. ಉಸಿರು ಬಿಗಿಹಿಡಿದು ಮುಳುಗುವವರ ಮೀಟರ್ ಹತ್ತಿರದ ಉದ್ದ ಬ್ಲೇಡುಗಳನ್ನು ಚೆಂದವೆಂದು ಸ್ಕೂಬಾಕ್ಕೆ ತರುವವರನ್ನು ಕಂಡಿದ್ದೇನೆ. ನೇರ ಕೆಳಗಿಳಿದು ನೇರ ಮೇಲೇರುವ ಆ ಆಟಕ್ಕೆ ಅದು ಸರಿ, ಹವಳದ ಸಂದಿಯಲ್ಲಿ ತಿರುಗಾಡುವುದಕ್ಕಲ್ಲ.

ಉಳಿದದ್ದು ಪ್ರಯಾಣ, ಜೋಪಾನ. ಅಂಡಮಾನಿಗೆ ಹೋಗುವ ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಸಿಗುವುದು 15 ಕಿಲೋ. ರಬ್ಬರ್ ಫಿನ್ ಜೋಡಿಯೇ ಎರಡು ಕಿಲೋ ಮೀರುತ್ತದೆ, ಪ್ಲಾಸ್ಟಿಕ್ ಜಾತಿಯ ಗಿಡ್ಡ ಫಿನ್‌ಗಳು ಅದರ ಅರ್ಧದ ಆಸುಪಾಸಿನಲ್ಲಿರುತ್ತವೆ. ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತುದಿಯ ಮೇಲೆ ನಿಲ್ಲಿಸಿಟ್ಟರೆ ಬ್ಲೇಡ್ ಬಾಗಿ ಹಾಗೇ ಉಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಮರೆತರೂ ಅದೇ ಗತಿ. ಫುಲ್ ಫುಟ್ ಫಿನ್ ಜೊತೆ ಬರುವ ಪ್ಲಾಸ್ಟಿಕ್ ಅಚ್ಚನ್ನು ಬಿಸಾಡಬೇಡಿ, ಹಿಮ್ಮಡಿಯ ಆಕಾರ ಕೆಡದಂತೆ ಕಾಯುವುದು ಅದೇ. ಬಣ್ಣದ ಬಗ್ಗೆ ನಗಬೇಡಿ: ಮಸುಕು ನೀರಿನಲ್ಲಿ ಜೊತೆಗಾರನನ್ನು ಗುರುತಿಸುವುದು ಅವನ ಫಿನ್ನಿನಿಂದ. ಕೆಂಪು ಆಳಕ್ಕೆ ಹೋದಂತೆ ಬೇಗ ಬೂದುಬಣ್ಣಕ್ಕೆ ತಿರುಗುತ್ತದೆ, ಹಳದಿ ಹೆಚ್ಚು ಆಳದವರೆಗೆ ಕಾಣುತ್ತದೆ.

ಹಾಗಾದರೆ ಯಾರಿಗೆ ಯಾವುದು? ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿ ಬರುವವರು ಫಿನ್ ಕೊಳ್ಳುವ ಅಗತ್ಯವೇ ಇಲ್ಲ, ಬಾಡಿಗೆಯದು ಸಾಕು. ಆ ದುಡ್ಡು ಒಳ್ಳೆಯ ಮಾಸ್ಕಿಗೆ ಹೋಗಲಿ. ಪಶ್ಚಿಮ ಕರಾವಳಿಯ ಜೊತೆಗೆ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಎಂದು ಸುತ್ತುವವರಿಗೆ ಮಧ್ಯಮ ಗಡಸಿನ, ಓಪನ್ ಹೀಲಿನ, ಸ್ಪ್ರಿಂಗ್ ಪಟ್ಟಿಯ, ನೀರಲ್ಲಿ ಭಾರವೆನಿಸದ ಸಾಧಾರಣ ಬ್ಲೇಡ್ ನನ್ನ ಶಿಫಾರಸು. ದೋಣಿ ಡೈವ್ ಮಾತ್ರ ಮಾಡುವ ಕಿರಿದಾದ ಪಾದದವರು ಫುಲ್ ಫುಟ್ ತೆಗೆದುಕೊಂಡು ದುಡ್ಡು ಉಳಿಸಲಿ. ಮಂಡಿ ಕೈಕೊಟ್ಟವರು ಯಾರ ಜರೆತಕ್ಕೂ ಕಿವಿಗೊಡದೆ ಸ್ಪ್ಲಿಟ್ ಕೊಳ್ಳಲಿ. ಜೆಟ್ ಫಿನ್ ಮತ್ತು ಅದರ ಬಳಗ ಡ್ರೈಸೂಟ್ ಹಾಕುವ, ಹಡಗು-ಗುಹೆ ಹೊಗುವ ಕೆಲವರಿಗೆ. ಯಾವುದನ್ನು ಆರಿಸಿದರೂ ಮೊದಲು ಡೈವ್ ಸೆಂಟರಿನವರಲ್ಲಿ ಅದೇ ಮಾದರಿ ಬಾಡಿಗೆಗಿದೆಯೇ ಕೇಳಿ ಒಂದು ಡೈವ್ ಮಾಡಿ ನೋಡಿ. ನಿಮ್ಮದೇ ಬೂಟಿ ಹಾಕಿ ಅಲ್ಲಾಡಿಸಿ ನೋಡದ ಫಿನ್‌ಗೆ, ಆನ್‌ಲೈನಿನಲ್ಲಿ ಎಷ್ಟೇ ರಿಯಾಯಿತಿ ಇರಲಿ, ದುಡ್ಡು ಕಟ್ಟಬೇಡಿ.